ಪಟ್ಟದ ಗೊಂಬೆಯ ಮರ

ದಸರಾ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ಪಟ್ಟದ ಗೊಂಬೆಗಳನ್ನು ನೀವೆಲ್ಲ ಬಲ್ಲಿರಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ರಾಜ–ರಾಣಿ ಜೋಡಿ ಅದು. ಹಳೆಯ ಜೋಡಿಗಳನ್ನು ಕಡೆಯುತ್ತಿದ್ದುದು ರಕ್ತಚಂದನದಲ್ಲಿ. ಹೆಸರಿನಲ್ಲಿ ಚಂದನವಿದ್ದರೂ ಇದಕ್ಕೆ ಶ್ರೀಗಂಧದ ಪರಿಮಳವಿಲ್ಲ. ಕೆಂಪು ಬಣ್ಣವೇ ಇದರ ಹಿರಿಮೆ. ನಮ್ಮ ಮನೆಯ ರಾಣಿಯ ಬೆನ್ನು ಸವೆದು ಚಪ್ಪಟೆಯಾಗಿದೆ. ಮಕ್ಕಳಿಗೆ ಗುಳ್ಳೆ ಎದ್ದಾಗಲೆಲ್ಲ ನಮ್ಮತ್ತೆಯವರು ಅವಳನ್ನೇ ಸಾಣೆಕಲ್ಲಿನ ಮೇಲೆ ತೇಯ್ದು ಹಚ್ಚುತ್ತಿದ್ದರು. ರಾಜನ ಮೈಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ!

ಈ ಮರ ತಾನಾಗಿ ಬೆಳೆಯುವುದು ಪೂರ್ವಘಟ್ಟದ ದಕ್ಷಿಣದ ತುದಿಯಲ್ಲಿ, ಮುಖ್ಯವಾಗಿ ಆಂಧ್ರದ ಶೇಷಾಚಲ ಮತ್ತು ಅದರ ಸುತ್ತಲ ಬೆಟ್ಟಗಳಲ್ಲಿ. ಚಿಂತಾಮಣಿಯವರಾದ ನಮಗೆ ಅದೇನೂ ಪರದೇಶವಲ್ಲ. ಮದನಪಲ್ಲಿಯ ಮೇಲೆ ತಿರುಪತಿಗೆ ಹೋಗಿ ಮುಡಿ ಕೊಟ್ಟು, ಬರುವಾಗ ಗೊಂಬೆ ತರುತ್ತಿದ್ದ ಹಾದಿಯೇ ಅದು.

ನಮಗಿಂತ ಮೊದಲೇ ಹೊರಗಿನವರು ಇದರ ಬೆಲೆ ಕಂಡುಕೊಂಡಿದ್ದರು. ಮಧ್ಯಯುಗದ ಯುರೋಪಿನ ಶ್ರೀಮಂತರ ಅಡುಗೆಮನೆಯಲ್ಲಿ ಸಾರು–ಸಿಹಿಗಳಿಗೆ ಬಣ್ಣ ಬರಲೆಂದು ಇದರ ಪುಡಿ ಬೆರೆಸುತ್ತಿದ್ದರಂತೆ. 17ನೆಯ ಶತಮಾನದಲ್ಲಿ ಡಚ್ಚರು ಕೋರಮಂಡಲ ತೀರದಿಂದ ಉಣ್ಣೆಗೆ ಬಣ್ಣ ಹಾಕಲು ಹಡಗಿನಲ್ಲಿ ಒಯ್ದರು. ಚೀನಾದ ಅರಮನೆಗಳಿಗೆ ಇದರ ಕುರ್ಚಿ–ಮಂಚಗಳಾದವು. ಜಪಾನಿನಲ್ಲಿ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವುಂಟು. ಒಳ್ಳೆಯ ಶಾಮಿಸೆನ್‌ಗೆ ದಂಡಿ ಈ ಮರದ್ದೇ ಆಗಬೇಕು. ನೀರಿಗೆ ಹಾಕಿದರೆ ಮುಳುಗುವಷ್ಟು ತೂಕದ ಮರ. ನಮ್ಮ ವೀಣೆ ಹಲಸಿನ ಮರದಲ್ಲೇ ಸುಖವಾಗಿದೆ, ಸದ್ಯ.

ಬೆಳೆಯುವುದೋ ಬಹಳ ನಿಧಾನ, ಕಡಿಯುವುದೋ ಒಂದೇ ರಾತ್ರಿ. 1995ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಅಂಕೆ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಇದನ್ನು ಸೇರಿಸಿದರು. ಕಳ್ಳಸಾಗಣೆ ನಿಲ್ಲಲಿಲ್ಲ. ಬೆಂಗಳೂರಿಗೆ ಸಾಗಿಸುವಾಗ ದಿಮ್ಮಿ ಸಿಕ್ಕಿಬಿದ್ದ ಸುದ್ದಿ ನಮ್ಮ ಕಡೆಯ ಪೇಪರಿನಲ್ಲಿ ಹೊಸದೇನಲ್ಲ.

ಆದರೆ 2015ರ ಏಪ್ರಿಲ್ 7ರ ಸುದ್ದಿ ಹಾಗಿರಲಿಲ್ಲ. ಅಂದು ಶೇಷಾಚಲದ ಕಾಡಿನಲ್ಲಿ ಗುಂಡಿಗೆ ಬಲಿಯಾದವರು ಇಪ್ಪತ್ತು ಮಂದಿ. ಲಕ್ಷಗಟ್ಟಲೆ ಎಣಿಸುವ ದಲ್ಲಾಳಿಗಳಲ್ಲ, ಮರ ಕಡಿಯಲು ಬಂದವರೆಂದು ಪೊಲೀಸರು ಹೇಳಿದ ಕೂಲಿಗಳು; ಹೆಚ್ಚಿನವರು ತಮಿಳುನಾಡಿನ ತಿರುವಣ್ಣಾಮಲೈ, ಧರ್ಮಪುರಿ ಕಡೆಯವರು. ಕಲ್ಲು, ಕೊಡಲಿ ಹಿಡಿದು ಮೇಲೆ ಬಿದ್ದರು, ಆತ್ಮರಕ್ಷಣೆಗೆ ಹೊಡೆದೆವು ಎಂದರು ಪೊಲೀಸರು. ಮೊದಲೇ ಹಿಡಿದೊಯ್ದು ಕೊಂದರು ಎಂದು ಮನೆಯವರ ದೂರು. ಸತ್ತವರಲ್ಲೊಬ್ಬನ ಹೆಂಡತಿ ನ್ಯಾಯ ಕೇಳಿಕೊಂಡು ಹೈಕೋರ್ಟಿನ ಮೆಟ್ಟಿಲು ಹತ್ತಿದಳು.