ಇರಬಾರದ ಚುಕ್ಕಿಯ ಲೆಕ್ಕ

ನಿಮ್ಮ ಫೋನಿನ ಚಿಪ್ ಮಾಡಿರೋದು ಸಿಲಿಕಾನ್‌ನಿಂದ. ಅದರ ತೆಳ್ಳನೆಯ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ಸರಿಯಾದ ಕೋನಕ್ಕೆ ತಿರುಗಿಸಿದರೆ, ಪರದೆಯ ಮೇಲೆ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿಗಳು ಸಾಲುಗಟ್ಟುತ್ತವೆ. ಇದೇ ಡಿಫ್ರ್ಯಾಕ್ಷನ್ ಪ್ಯಾಟರ್ನ್. ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಅಂತ ಗೊತ್ತಿದ್ದರೆ ಯಾವ ಚುಕ್ಕಿ ಎಷ್ಟು ಹೊಳೆಯಬೇಕು ಅಂತ ಲೆಕ್ಕ ಹಾಕಬಹುದು. ಸರಳ ಲೆಕ್ಕದಲ್ಲಿ, 200 ಅನ್ನೋ ಸಂಖ್ಯೆಯ ಚುಕ್ಕಿಯ ಹೊಳಪು ಸೊನ್ನೆ. ಆದರೆ 011 ದಿಕ್ಕಿನಿಂದ ನೋಡಿದರೆ ಅದು ಕಾಣುತ್ತೆ!

ಬಗ್ ಎಲ್ಲಿದೆ? ಸಿಲಿಕಾನ್‌ನಲ್ಲಲ್ಲ, ಯಂತ್ರದಲ್ಲೂ ಅಲ್ಲ. ಲೆಕ್ಕದ ಹಿಂದಿನ ಊಹೆಯಲ್ಲಿ. ಆ ಸರಳ ಲೆಕ್ಕ ಎಕ್ಸ್‌ರೇ ಜಗತ್ತಿನದು. ಸಣ್ಣ ಹರಳಿನೊಳಗೆ ಎಕ್ಸ್‌ರೇ ಚದುರಿದರೆ ಸಾಮಾನ್ಯವಾಗಿ ಒಂದೇ ಸಲ. ಎಲೆಕ್ಟ್ರಾನಿಗೆ ವಿದ್ಯುದಾವೇಶವಿದೆ, ಪರಮಾಣುಗಳು ಅದನ್ನು ಜೋರಾಗಿ ಎಳೆದಾಡುತ್ತವೆ. ಹಾಗಾಗಿ ಒಮ್ಮೆ ಚದುರಿದ್ದು ಮತ್ತೆ ಮತ್ತೆ ಚದುರುತ್ತೆ. ನಮ್ಮೂರಿನಿಂದ ಪೇಟೆಗೆ ನೇರ ಬಸ್ಸಿಲ್ಲ. ಆದರೆ ಕ್ರಾಸಿನಲ್ಲಿ ಇಳಿದು ಇನ್ನೊಂದು ಹತ್ತಿದರೆ ಪೇಟೆ ಸಿಗುತ್ತೆ. 200ಕ್ಕೂ ಎಲೆಕ್ಟ್ರಾನ್‌ಗಳು ಹೀಗೇ ಬಸ್ ಬದಲಾಯಿಸಿ ಬರುತ್ತವೆ.

ಇದನ್ನು ಲೆಕ್ಕಕ್ಕೆ ತರೋಕೆ ಅರ್ಧ ಶತಮಾನ ಹಿಡಿಯಿತು. ಎಲೆಕ್ಟ್ರಾನ್ ಅಲೆಯಂತೆ ಚದುರುತ್ತದೆ ಅನ್ನೋದನ್ನು 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್, ಅಬರ್ಡೀನ್‌ನಲ್ಲಿ ಜಿ.ಪಿ. ಥಾಮ್ಸನ್ ತೋರಿಸಿದರು. ಮರುವರ್ಷವೇ ಜರ್ಮನಿಯ ಹಾನ್ಸ್ ಬೆಥೆ ಪೂರ್ತಿ ಸಿದ್ಧಾಂತ ಬರೆದ. ಎಲ್ಲ ಕಿರಣಗಳನ್ನೂ ಒಟ್ಟಿಗೇ ಹಿಡಿದು ಬಿಡಿಸಬೇಕು. ಮ್ಯಾಟ್ರಿಕ್ಸ್ ಲೆಕ್ಕ. ಕಿರಣಗಳು ಎರಡರಷ್ಟಾದರೆ ಕೆಲಸ ಎಂಟರಷ್ಟು. ಪೆನ್ಸಿಲ್ಲಿನ ಕಾಲದಲ್ಲಿ ಎರಡು ಕಿರಣಕ್ಕೇ ಸುಸ್ತು.

1957ರಲ್ಲಿ ಮೆಲ್ಬರ್ನ್‌ನ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಕೌಲಿ ಮತ್ತು ಅಲೆಕ್ಸ್ ಮೂಡಿ ಬೇರೆ ದಾರಿ ಹಿಡಿದರು. ಹರಳನ್ನು ತೆಳ್ಳನೆಯ ಪದರಗಳಾಗಿ ಕತ್ತರಿಸಿ, ಮನಸ್ಸಿನಲ್ಲೇ! ಒಂದು ಪದರದ ಪರಮಾಣುಗಳು ಅಲೆಯ ಫೇಸ್ ಬದಲಿಸುತ್ತವೆ. ಆಮೇಲೆ ಅಲೆ ಮುಂದಿನ ಪದರದವರೆಗೆ ಹರಡಿಕೊಂಡು ಹೋಗುತ್ತೆ. ಮತ್ತೆ ಅದೇ, ಕೊನೆಯ ಪದರದವರೆಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಫಾರ್ ಲೂಪ್. ಹೆಸರು ಮಲ್ಟಿಸ್ಲೈಸ್.

ಆದರೆ ಲೂಪಿನ ಒಳಗಿನ ಗುಣಾಕಾರವೇ ದುಬಾರಿ. 1965ರಲ್ಲಿ ಕೂಲಿ ಮತ್ತು ಟೂಕಿ ಎಫ್‌ಎಫ್‌ಟಿ ಪ್ರಕಟಿಸಿದರು. 1977ರಲ್ಲಿ ಜಪಾನಿನ ಇಶಿಜುಕಾ ಮತ್ತು ಉಯೆಡಾ ಅದನ್ನು ಮಲ್ಟಿಸ್ಲೈಸ್‌ಗೆ ಜೋಡಿಸಿದರು. ಈಗ ಚುಕ್ಕಿಗಳು ಎರಡರಷ್ಟಾದರೆ ಕೆಲಸ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇವತ್ತು ನಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು.

ಓಡಿಸೋದು ಸುಲಭವಾಯಿತು, ನಂಬೋದು ಸುಲಭವಾಗಲಿಲ್ಲ. ಪರದೆಯಲ್ಲಿ ಸಿಗೋದು ಹೊಳಪು ಮಾತ್ರ. ಅಲೆಯ ಫೇಸ್ ಅಲ್ಲೇ ಕಳೆದುಹೋಗುತ್ತೆ. ಆದ್ದರಿಂದ ಚಿತ್ರದಿಂದ ರಚನೆಗೆ ನೇರ ದಾರಿ ಇಲ್ಲ. ರಚನೆಯನ್ನು ಊಹಿಸು, ಚೂರಿನ ದಪ್ಪ ಕೊಡು, ವಾಲಿಕೆ ಕೊಡು, ಲೆಕ್ಕ ಹಾಕು, ಹೋಲಿಸಿ ನೋಡು. ತಾಳೆಯಾಗದಿದ್ದರೆ ಯಾವುದನ್ನು ಬದಲಿಸಬೇಕು ಅನ್ನೋದನ್ನು ಪ್ರೋಗ್ರಾಂ ಹೇಳೋದಿಲ್ಲ. ಸರಳ ಲೆಕ್ಕವನ್ನೇ ಕಣ್ಣುಮುಚ್ಚಿ ನಂಬಿದವರು 200ರ ಚುಕ್ಕಿ ಕಂಡ ಕೂಡಲೇ ಸಿಲಿಕಾನ್‌ಗೆ ಹೊಸ ರಚನೆಯನ್ನೇ ಕಟ್ಟಿಬಿಡಬಹುದು. ಡ್ಯಾಶ್‌ಬೋರ್ಡ್ ನೋಡಿ ನಿರ್ಧಾರ ಮಾಡುವ ನಮಗೂ ಈ ಮಾತು ಹೊಸದಲ್ಲ. ಸಿಮ್ಯುಲೇಶನ್ ಉತ್ತರಿಸೋದು ನಾವು ಕೊಟ್ಟ ಊಹೆಗೆ. ಹರಳು ಉತ್ತರಿಸೋದು ತನ್ನ ಪರಮಾಣುಗಳಿಗೆ ಮಾತ್ರ.