ನೋಹನ ಕಾಲದ ನೀರಿಗೆ ಪ್ರಳಯವೆಂಬ ಹೆಸರು

ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದಲ್ಲಿ ನೋಹನ ಕಾಲದಲ್ಲಿ ಭೂಮಿಯನ್ನು ಮುಚ್ಚಿದ ನೀರಿಗೆ ಕನ್ನಡ ಅನುವಾದವು 'ಜಲಪ್ರಳಯ' ಎಂಬ ಹೆಸರು ಕೊಟ್ಟಿದೆ. ಉಕ್ಕಿ ಬಂದ ನೀರಿಗೆ ನೆರೆ ಎಂಬ ಅಚ್ಚಗನ್ನಡ ಮಾತೂ ಪ್ರವಾಹವೆಂಬ ಸಂಸ್ಕೃತ ಮಾತೂ ಕೈಗೆಟಕುವಂತಿದ್ದರೂ, ಪುರಾಣಗಳಲ್ಲಿ ಲೋಕದ ಲಯಕ್ಕೆ ಮೀಸಲಾಗಿದ್ದ ಪದವೇ ಈ ಕಥೆಗೆ ಒದಗಿಬಂದದ್ದು ಕೇವಲ ಭಾಷಾಂತರದ ಅನುಕೂಲದ ಸಂಗತಿಯಲ್ಲ. ಈ ಕಥೆಯನ್ನು ಅಕ್ಷರಶಃ ನಂಬಬೇಕೇ ಎಂಬ ಹಳೆಯ ತಕರಾರಿನಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಯಾವ ಅಕ್ಷರ, ಯಾವ ಭಾಷೆಯ ಅಕ್ಷರ ಎಂಬುದು.

ಹೀಬ್ರೂ ಮೂಲದಲ್ಲಿರುವ ಪದ 'ಮಬ್ಬೂಲ್'. ಇಡೀ ಹೀಬ್ರೂ ಬೈಬಲ್ಲಿನಲ್ಲಿ ಅದು 13 ಬಾರಿ ಮಾತ್ರ ಬರುತ್ತದೆ. ಅವುಗಳಲ್ಲಿ 12 ಆದಿಕಾಂಡದಲ್ಲಿ, ನೋಹನ ಮತ್ತು ಅವನ ವಂಶದ ಪ್ರಸಂಗದಲ್ಲಿಯೇ ಇದ್ದು, ಉಳಿದ ಒಂದು 29ನೆಯ ಕೀರ್ತನೆಯಲ್ಲಿದೆ. ನದಿ ಉಕ್ಕಿದ್ದಕ್ಕೋ ಹಳ್ಳ ತುಂಬಿದ್ದಕ್ಕೋ ಹೀಬ್ರೂ ಭಾಷೆ ಈ ಪದವನ್ನು ಬಳಸುವುದಿಲ್ಲ. ಕೀರ್ತನೆಯಲ್ಲಿ ದೇವರು ಮಬ್ಬೂಲಿನ ಮೇಲೆ ಸಿಂಹಾಸನಾರೂಢನಾಗಿರುವ ಚಿತ್ರವಿರುವುದರಿಂದ, ಈ ಪದವು ಮೂಲತಃ ಆಕಾಶದ ಆಚೆಗಿರುವ ಸಮುದ್ರವನ್ನು ಸೂಚಿಸುತ್ತಿತ್ತೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದಕ್ಕೆ ಆದಿಕಾಂಡದ ಸೃಷ್ಟಿಕಥೆಯೇ ಆಧಾರ: ಅಲ್ಲಿ ದೇವರು ಗಟ್ಟಿಯಾದ ಗುಮ್ಮಟದಂತಹ ಆಕಾಶವನ್ನು ನಿಲ್ಲಿಸಿ ಮೇಲಿನ ನೀರನ್ನು ಕೆಳಗಿನ ನೀರಿನಿಂದ ಬೇರ್ಪಡಿಸುತ್ತಾನೆ, ನೋಹನ ಕಥೆಯಲ್ಲಿ ಆಳದ ಸೆಲೆಗಳು ಒಡೆದು, ಆಕಾಶದ ಕಿಟಕಿಗಳು ತೆರೆದು, ಬೇರ್ಪಟ್ಟಿದ್ದ ಆ ಎರಡು ನೀರುಗಳು ಮತ್ತೆ ಕೂಡಿಕೊಳ್ಳುತ್ತವೆ. ಕಥೆಗಾರನ ಮಟ್ಟಿಗೆ ಇದು ದೊಡ್ಡ ಮಳೆಯಲ್ಲ, ಸೃಷ್ಟಿಯ ಹೊಲಿಗೆ ಬಿಚ್ಚಿಹೋದ ಪ್ರಸಂಗ. ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳುಳ್ಳ 'ರೂಅಹ್' ಸೃಷ್ಟಿಯ ಆದಿಯಲ್ಲಿ ನೀರಿನ ಮೇಲೆ ಸುಳಿದಾಡಿದಂತೆಯೇ ಈ ಕಥೆಯ ತಿರುವಿನಲ್ಲಿಯೂ ಬೀಸಿ, ನೀರು ಇಳಿಯತೊಡಗುತ್ತದೆ.

ಅನುವಾದಕರು ಈ ಪದವನ್ನು ಬೇರೆ ಬೇರೆ ದಿಕ್ಕಿಗೆ ಎಳೆದಿದ್ದಾರೆ. ಗ್ರೀಕ್ ಅನುವಾದ ಅದನ್ನು ಎಲ್ಲವನ್ನೂ ಕೊಚ್ಚಿಕೊಂಡು ಹೋಗುವ 'ಕಟಕ್ಲಿಸ್ಮೋಸ್' ಎಂದಿತು, ಲ್ಯಾಟಿನ್ 'ಡಿಲೂವಿಯಂ' ಎಂದಿತು. ಜರ್ಮನಿನಲ್ಲಿ ಮಹಾಪೂರವೆಂಬ ಅರ್ಥದ 'ಸಿಂಟ್‌ಫ್ಲೂಟ್' ಎಂಬ ಮಾತಿನ ಮೊದಲ ಭಾಗದ ಅರ್ಥ ಮರೆತುಹೋದಾಗ ಜನ ಅದನ್ನು ಪಾಪಕ್ಕೆ ಸಂಬಂಧಿಸಿದ 'ಸ್ಯುಂಡ್‌ಫ್ಲೂಟ್' ಎಂದು ತಿದ್ದಿಕೊಂಡರು. ವ್ಯಾಕರಣ ತಪ್ಪಿದರೂ ದೇವತಾಶಾಸ್ತ್ರ ತಪ್ಪಲಿಲ್ಲ ಎನ್ನಬೇಕು. ಲ್ಯಾಟಿನ್ ಪದದ ಪಾಡು ಇನ್ನೂ ವಿಚಿತ್ರವಾದದ್ದು. ಆಕ್ಸ್‌ಫರ್ಡಿನ ಭೂವಿಜ್ಞಾನಿಯೂ ಪಾದ್ರಿಯೂ ಆಗಿದ್ದ ವಿಲಿಯಂ ಬಕ್ಲೆಂಡ್ 1823ರಲ್ಲಿ, ಗುಹೆಗಳಲ್ಲಿ ಸಿಕ್ಕ ಎಲುಬುಗಳನ್ನೂ ಯುರೋಪಿನ ಬಯಲುಗಳ ಮೇಲೆ ಹರಡಿದ್ದ ಜಲ್ಲಿ, ಜೇಡಿಯ ಪದರವನ್ನೂ ಬೈಬಲ್ಲಿನ ಪ್ರಳಯದ ಗುರುತೆಂದು ವಿವರಿಸಿದರು. ಆ ಪದರಕ್ಕೆ ಡಿಲೂವಿಯಂ ಎಂಬ ಹೆಸರೇ ನಡೆಯಿತು. ಆದರೆ 1831ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದಲೇ ಆಡಮ್ ಸೆಡ್ಜ್‌ವಿಕ್ ಆ ಅಭಿಪ್ರಾಯವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು, 1836ರಲ್ಲಿ ಬಕ್ಲೆಂಡರೂ ಕೈಬಿಟ್ಟರು. ಆ ಜಲ್ಲಿಯ ಬಹುಭಾಗವನ್ನು ತಂದು ಸುರಿದದ್ದು ಹಿಮನದಿಗಳೆಂದು ಮುಂದೆ ಸ್ಪಷ್ಟವಾಯಿತು. ಕಥೆಯನ್ನು ಅಕ್ಷರಶಃ ಹುಡುಕಿ ಹೊರಟವರೇ ಸಿಕ್ಕಿದ್ದು ಬೇರೆಯೆಂದು ಒಪ್ಪಿಕೊಂಡದ್ದರಲ್ಲಿ ಒಂದು ಬಗೆಯ ಘನತೆಯಿದೆ.

ಲೆಕ್ಕವೂ ಅಕ್ಷರವಾದಿಗಳ ಪರವಾಗಿಲ್ಲ. ಎತ್ತರದ ಬೆಟ್ಟಗಳೆಲ್ಲ ಮುಳುಗಿ ಅವುಗಳ ಮೇಲೆ ಇನ್ನೂ 15 ಮೊಳ ನೀರು ನಿಂತಿತೆಂದು ಕಥೆ ಹೇಳುತ್ತದೆ. ಎವರೆಸ್ಟಿನ 8,848 ಮೀಟರ್ ಎತ್ತರವನ್ನು ಮುಳುಗಿಸಲು ಈಗಿನ ಸಾಗರಗಳಲ್ಲಿರುವ ನೀರಿನ ಜೊತೆಗೆ ಅದರ ಮೂರು ಪಟ್ಟಿಗಿಂತ ಹೆಚ್ಚು ನೀರು ಬೇಕು. ವಾತಾವರಣದ ತೇವವೆಲ್ಲ ಒಮ್ಮೆಲೇ ಸುರಿದರೆ ಭೂಮಿಯ ಮೇಲೆ ನಿಲ್ಲುವುದು ಸರಾಸರಿ ಸುಮಾರು ಎರಡೂವರೆ ಸೆಂಟಿಮೀಟರ್, ಅಂದರೆ ಹಿಮ್ಮಡಿಯೂ ಪೂರ್ತಿ ತೊಯ್ಯದಷ್ಟು.

ಹಾಗಾದರೆ ಆ ನೀರು ಒಂದು ಸೀಮೆಗೆ ಮಾತ್ರ ಸೇರಿದ್ದೆಂಬ ರಾಜಿ ಸೂತ್ರವೊಂದಿದೆ. ಹೀಬ್ರೂವಿನ 'ಎರೆತ್ಸ್' ಎಂಬ ಪದಕ್ಕೆ ಭೂಮಿ ಎಂತಲೂ ನಾಡು ಎಂತಲೂ ಅರ್ಥವಿದ್ದು, ಅಬ್ರಹಾಮನು ಬಿಟ್ಟು ಹೊರಟ ಸ್ವದೇಶಕ್ಕೂ ಅದೇ ಪದವಿರುವುದರಿಂದ, ಮುಳುಗಿದ್ದು ನಾಡೇ ಹೊರತು ಭೂಗೋಳವಲ್ಲ ಎನ್ನುವುದು ಆ ವಾದ. ಮೆಸೊಪೊಟೇಮಿಯಾದ ಅಗೆತಗಳು ಇದಕ್ಕೆ ಬಲ ಕೊಟ್ಟಂತೆ ಕಂಡವು. 1872ರಲ್ಲಿ ಜಾರ್ಜ್ ಸ್ಮಿತ್, ನಿನೆವೆಯಲ್ಲಿ ದೊರೆತ ಗಿಲ್ಗಮೆಷ್ ಕಾವ್ಯದ 11ನೆಯ ಜೇಡಿಫಲಕದಲ್ಲಿ ನಾವೆ, ಹಕ್ಕಿ, ಬೆಟ್ಟದ ತುದಿ ಸಹಿತವಾದ ಇಂಥದೇ ಕಥೆಯಿದೆಯೆಂದು ಪ್ರಕಟಿಸಿದರು. 1929ರ ಹೊತ್ತಿಗೆ ಲಿಯೊನಾರ್ಡ್ ವೂಲಿ ಊರ್ ನಗರದ ಅಡಿಯಲ್ಲಿ ದಪ್ಪನೆಯ ಮೆಕ್ಕಲು ಪದರ ಕಂಡು ಇದೇ ಆ ಪ್ರಳಯವೆಂದರು. ಆದರೆ ಹತ್ತಿರದ ಎರಿದುವಿನಲ್ಲಿ ಅಂಥ ಪದರ ಸಿಗಲಿಲ್ಲ, ಬೇರೆ ನಗರಗಳಲ್ಲಿ ಸಿಕ್ಕ ಪದರಗಳ ಕಾಲ ಬೇರೆಯಾಗಿತ್ತು. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನೆರೆಯ ನೆನಪು ಕಥೆಗೆ ಬೀಜವಾಗಿರಬಹುದಾದರೂ, ಕಥೆ ಹೇಳುವುದು ಅದನ್ನಲ್ಲ. ಮುಳುಗಿದ್ದು ಒಂದು ಸೀಮೆ ಮಾತ್ರವಾಗಿದ್ದರೆ ನೋಹನು 300 ಮೊಳ ಉದ್ದದ ನಾವೆ ಕಟ್ಟುವ ಬದಲು ಮನೆಮಂದಿಯನ್ನೂ ದನಕರುಗಳನ್ನೂ ಕರೆದುಕೊಂಡು ಪಕ್ಕದ ಗುಡ್ಡದ ನಾಡಿಗೆ ಹೋಗಬಹುದಾಗಿತ್ತು.

ಭಾರತೀಯ ಅಲಂಕಾರಶಾಸ್ತ್ರದ ಒಂದು ಸೂಕ್ಷ್ಮ ಇಲ್ಲಿ ನೆರವಾಗುತ್ತದೆ. ಪದದ ನೇರ ಅರ್ಥ, ಅಂದರೆ ವಾಚ್ಯಾರ್ಥ, ಸಂದರ್ಭಕ್ಕೆ ಹೊಂದದೆ ತಡೆಬಿದ್ದಾಗ ಮಾತ್ರ ಅದಕ್ಕೆ ತಾಗಿಕೊಂಡಿರುವ ಇನ್ನೊಂದು ಅರ್ಥಕ್ಕೆ, ಅಂದರೆ ಲಕ್ಷಣಾರ್ಥಕ್ಕೆ ಹೋಗಬೇಕು. ಗಂಗೆಯಲ್ಲಿ ಹಟ್ಟಿಯಿದೆಯೆಂದರೆ ನೀರಿನೊಳಗೆ ಗುಡಿಸಲಿರಲಾರದು, ದಡದ ಮೇಲಿದೆಯೆಂದು ತಿಳಿಯಬೇಕು. ಆಕಾಶದ ಆಚೆ ಸಮುದ್ರವಿದೆಯೆಂದು ತಿಳಿದಿದ್ದ ಮೊದಲ ಕೇಳುಗರಿಗೆ ಮಬ್ಬೂಲಿನ ವಾಚ್ಯಾರ್ಥದಲ್ಲಿ ಯಾವ ತಡೆಯೂ ಇರಲಿಲ್ಲ. ತಡೆ ಬಂದಿರುವುದು ಆ ಆಕಾಶವನ್ನು ಕಳೆದುಕೊಂಡ ಇಂದಿನವರಿಗೆ, ಅದೂ ಅಕ್ಷರವಾದಿಗಳನ್ನು ಒಳಗೊಂಡು ಎಲ್ಲರಿಗೂ. 1961ರಲ್ಲಿ ಅಮೆರಿಕದ ಜಾನ್ ವಿಟ್‌ಕಂಬ್ ಮತ್ತು ಹೆನ್ರಿ ಮಾರಿಸ್ ಜಾಗತಿಕ ಪ್ರಳಯವನ್ನು ಸಮರ್ಥಿಸಿ ಬರೆದ ಪ್ರಸಿದ್ಧ ಗ್ರಂಥವು ಆಕಾಶದ ಮೇಲಿನ ನೀರನ್ನು ಹಬೆಯ ಹೊದಿಕೆಯೆಂದು ವ್ಯಾಖ್ಯಾನಿಸಿತು. ಸಮುದ್ರವನ್ನು ಹಬೆಯೆಂದು ಓದುವುದು ಲಕ್ಷಣೆಯಲ್ಲದೆ ಬೇರೇನೂ ಅಲ್ಲ. ಅಕ್ಷರಶಃ ಓದುತ್ತೇವೆ ಎನ್ನುವವರೂ ಅಕ್ಷರವನ್ನು ಬಿಟ್ಟೇ ಮುಂದೆ ಹೋಗಿದ್ದಾರೆ.

ಈ ಹಿನ್ನೆಲೆಯಲ್ಲಿ ಕನ್ನಡದ ಪ್ರಳಯ, ಉಳಿದ ಭಾಷೆಗಳ ನೆರೆ ನೀರಿನ ಪದಗಳಿಗಿಂತ ಮೂಲಕ್ಕೆ ಹತ್ತಿರವಾಗಿದೆ ಎನ್ನಬಹುದು. ಪ್ರಳಯವೆಂದರೆ ಕರಗಿಹೋಗುವುದು, ರೂಪ ಪಡೆದದ್ದೆಲ್ಲ ರೂಪವಿಲ್ಲದ್ದರಲ್ಲಿ ಲೀನವಾಗುವುದು. ಆದಿಕಾಂಡದಲ್ಲಿ ಆಗುವುದೂ ಅದೇ. ವ್ಯತ್ಯಾಸವಿರುವುದು ಕಾಲದ ವಿಷಯದಲ್ಲಿ: ಪುರಾಣದ ಪ್ರಳಯ ಕಲ್ಪ ಕಲ್ಪಕ್ಕೂ ಮರಳಿ ಬರುತ್ತದೆ, ಬೈಬಲ್ಲಿನದು ಇನ್ನೆಂದಿಗೂ ಬಾರದೆಂಬ ವಾಗ್ದಾನದೊಂದಿಗೆ, ಮುಗಿಲಲ್ಲಿ ಮೂಡಿದ ಬಿಲ್ಲಿನೊಂದಿಗೆ ಮುಗಿಯುತ್ತದೆ.

ಕನ್ನಡದಲ್ಲಿ ಇಂಥ ಕಥೆಗಳೊಂದಿಗೆ ನಂಟುಳ್ಳ ಇನ್ನೆರಡು ಪದಗಳು ಸದ್ದಿಲ್ಲದೆ ಬದುಕಿವೆ. ಶತಪಥ ಬ್ರಾಹ್ಮಣದಲ್ಲಿ ಮೀನು ಮನುವಿಗೆ ಮುನ್ಸೂಚನೆ ಕೊಟ್ಟ ಮಹಾಪೂರದ ಹೆಸರಿಗೆ ಮೂಲವಾದ 'ಓಘ' ಇಂದು ಗದ್ಯದ ಓಟವನ್ನು ಮೆಚ್ಚುವ ವಿಮರ್ಶಕರ ಮಾತಾಗಿದೆ. ಕುರಾನಿನಲ್ಲಿ ನೂಹನ ಕಾಲದ ನೀರಿಗಿರುವ 'ತೂಫಾನ್' ಕನ್ನಡದಲ್ಲಿ ತೂಫಾನು, ಅಂದರೆ ಬಿರುಗಾಳಿ, ಆಗಿದೆ. ಪ್ರಳಯವೂ ಸವೆಯದೆ ಉಳಿದಿಲ್ಲ. ಕಿಲಾಡಿಯೊಬ್ಬನನ್ನು ಪ್ರಳಯಾಂತಕನೆನ್ನುವಾಗ ಯಾರೂ ಲೋಕಾಂತ್ಯವನ್ನು ನೆನೆಯುವುದಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆಯ ದಡದ ಊರುಗಳಿಗೆ ನೀರು ನುಗ್ಗಿದಾಗ ಸುದ್ದಿಯ ತಲೆಬರಹಗಳಲ್ಲಿ ಜಲಪ್ರಳಯವಿತ್ತು. ಸರ್ಕಾರಿ ಕಡತಗಳಲ್ಲಿ ಇದ್ದದ್ದು ನೆರೆ ಪರಿಹಾರ. ಪ್ರಳಯ ಪರಿಹಾರಕ್ಕೆ ಅರ್ಜಿಯ ನಮೂನೆ ಎಲ್ಲಿಯೂ ಅಚ್ಚಾಗಿಲ್ಲ, ಅದು ನಿಜವಾಗಿ ಬಂದರೆ ಅರ್ಜಿ ಬರೆಯುವವನೂ ಇರುವುದಿಲ್ಲ, ಮುದ್ರೆ ಒತ್ತುವವನೂ ಇರುವುದಿಲ್ಲ.