ಮೊಸಂಗಿಯ ಮಕ್ಕಳು ಗುಳೆ ಹೋದರು

ಮಸ್ಕಿಗೆ ಬೀಗರು ಬರಲಿ, ನೆಂಟರು ಬರಲಿ, ನಾವು ಮೊದಲು ಕರೆದೊಯ್ಯುವುದು ಗುಡ್ಡಕ್ಕೆ. ಮೇಲೆ ಮಲ್ಲಿಕಾರ್ಜುನ, ಬಂಡೆಗಳ ಮರೆಯಲ್ಲಿ ಅಶೋಕನ ಶಾಸನ. ಊರಿನ ಬಗ್ಗೆ ಉಳಿದ ವಿವರ ಎರಡು ಮಾತಿನಲ್ಲಿ ಮುಗಿಯುತ್ತದೆ: ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ಜಿಲ್ಲೆ, 1948ರವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ, ಲಿಂಗಸುಗೂರು ತಾಲ್ಲೂಕಿನಲ್ಲಿದ್ದದ್ದು ಈಗ ಸ್ವಂತ ತಾಲ್ಲೂಕು.

ಶಾಸನದ ಕಥೆ ಮಾತ್ರ ನಿಧಾನವಾಗಿ ಹೇಳಬೇಕಾದದ್ದು. ಇದು ಹಟ್ಟಿಯ ಸೀಮೆ, ಚಿನ್ನದ ಸೀಮೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಬಂದವರು ಈ ಬಂಡೆಯ ಅಕ್ಷರ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ನಮ್ಮ ಬಂಡೆ ‘ಅಶೋಕ’ ಎಂದು ಹೆಸರು ಹಿಡಿದು ಹೇಳಿತು. ಮುಂದೆ ಗುಜರ್ರಾ, ನಿಟ್ಟೂರು, ಉದೇಗೊಳಂಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲ ಸಾಕ್ಷಿ ಮಸ್ಕಿಯದೇ.

ಊರ ಹೆಸರಿನದೂ ಒಂದು ತಕರಾರಿದೆ. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳ ಚಾಲುಕ್ಯ ಜಯಸಿಂಹನನ್ನು ಮುಶಂಗಿಯಲ್ಲಿ ಸೋಲಿಸಿದನೆಂದು ಚೋಳರ ಶಾಸನಗಳು ಹೇಳುತ್ತವೆ. ಆ ಮುಶಂಗಿ ಉಚ್ಚಂಗಿದುರ್ಗ ಎಂದು ಕೆಲವು ವಿದ್ವಾಂಸರು ಬರೆದರು. ಆದರೆ ಇಲ್ಲಿನ ಚಾಲುಕ್ಯರ ಕಾಲದ ಶಾಸನಗಳಲ್ಲಿ ನಮ್ಮೂರೇ ಮೊಸಂಗಿ. ಇದನ್ನು ಓದಿದ ಮೇಲೆ ನಾನು ಮಸ್ಕಿಯ ಪಕ್ಷ. ಸೋತವರ ನೆಲವಾದರೂ ಸರಿ, ಅರಸರು ಬಡಿದಾಡಿದ್ದು ಈ ನೆಲಕ್ಕಾಗಿ ಎಂಬ ಹೆಮ್ಮೆ ಬಿಡಲಾರೆ.

ಆ ನೆಲ ಬಿಟ್ಟು ಇಂದು ನಮ್ಮವರು ಗುಳೆ ಹೋಗುತ್ತಿದ್ದಾರೆ.

ಹಿಂಗಾರಿ ಜೋಳ ಕೊಯ್ದು ತೊಗರಿ ಬಡಿದರೆ ಎರೆ ಹೊಲದಲ್ಲಿ ಮುಂಗಾರಿನವರೆಗೆ ಕೆಲಸವಿಲ್ಲ. ಬೆಂಗಳೂರಿನ ಬಸ್ಸಿನ ಮೇಲೆ ಜೋಳದ ಚೀಲ, ಹಾಸಿಗೆ ಸುರುಳಿ, ಪಾತ್ರೆಯ ಗಂಟು ಏರುತ್ತವೆ. ಕಳೆದ ಬೇಸಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಹಳೆಯ ವೀರಗಲ್ಲು ನೋಡಲು ಹೋಗಿದ್ದೆ. ಓಣಿಯಲ್ಲಿ ಸಾಲಾಗಿ ಬೀಗ. ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮೊಮ್ಮಗನಿಗೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸುತ್ತಿದ್ದಳು. ಅವಳ ಸೆರಗಿನ ತುದಿಯಲ್ಲಿ ಕೀಲಿಕೈಗಳ ಗಂಟು.

“ಯಾರೂ ಇಲ್ಲೇನಬೇ ಓಣ್ಯಾಗ?”

“ಎಲ್ಲಾರೂ ದುಡಿಯಾಕ ಹೋಗ್ಯಾರಪ್ಪ. ನಾಕು ಮನಿ ಕೀಲಿ ನನ್ನ ಕಡೇನೇ ಅದಾವು. ಅಲಾಯಿ ಹಬ್ಬಕ್ಕ ಬರ್ತಾರ.”

ವೀರಗಲ್ಲು ಯಾವ ತಿಪ್ಪೆಯ ಬದಿಯಲ್ಲಿದೆ ಎಂದು ತೋರಿಸಲು ಅವಳ ಹೊರತು ಯಾರೂ ಇರಲಿಲ್ಲ. ಬೆಂಗಳೂರಿನ ಶೆಡ್ಡಿನಲ್ಲಿ ಬೆಳೆಯುವ ಮಕ್ಕಳಿಗೆ ಈ ಕಲ್ಲಿನ ಕಥೆ ಹೇಳುವವರು ಯಾರು? ನಾನು ಈ ಚರಿತ್ರೆ ಬರೆಯಲು ಕುಳಿತದ್ದು ಅದೇ ಚಿಂತೆಗೆ.

ಇದು ಬಂಜರು ಸೀಮೆಯಲ್ಲ. ತುಂಗಭದ್ರಾ ಎಡದಂಡೆ ನಾಲೆ ತಾಲ್ಲೂಕಿನೊಳಗೇ ಹಾದಿದೆ. ಕಡಿಮೆ ನೀರಿನ ಬೆಳೆಗಳಿಗಾಗಿ ಹೆಚ್ಚು ಊರುಗಳಿಗೆ ನೀರು ಹಂಚಲೆಂದು ಯೋಜಿಸಿದ ನಾಲೆ ಅದು. ಮೇಲ್ಭಾಗದಲ್ಲಿ ಭತ್ತ ಹಬ್ಬಿ ಕೊನೆಭಾಗ ಒಣಗಿತು. ನಾಲೆಯೇ ತಲುಪದ ಹಳ್ಳಿಗಳ ರೈತರು 2020ರ ಕೊನೆಯಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ಧರಣಿ ಕೂತರು, ತಿಂಗಳುಗಟ್ಟಲೆ ಏಳಲಿಲ್ಲ. ಅವರು ಕೇಳಿದ್ದು ಹೊಲಕ್ಕೆ ನೀರು; ಊರಲ್ಲೇ ಉಳಿಯುವುದಕ್ಕೆ ಅವರಿಗೆ ಬೇರೆ ದಾರಿ ಕಾಣಲಿಲ್ಲ.

ಉದ್ಯೋಗ ಖಾತ್ರಿ 2006ರಲ್ಲಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರೂ ಅದರಲ್ಲಿತ್ತು. ಕೇಳಿದ 15 ದಿನದೊಳಗೆ ಕೆಲಸ, ವರ್ಷಕ್ಕೆ 100 ದಿನ ಎಂದಿತ್ತು ಕಾಯ್ದೆ. ಕೆರೆ ಹೂಳು ತೆಗೆದದ್ದು, ಬದು ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಕೂಲಿ ತಡವಾಗಿ ಬಂದರೆ ಸಂತೆ ಮಾಡುವುದು ಹೇಗೆ? ಬೆಂಗಳೂರಿಗೆ ಕರೆದೊಯ್ಯುವ ಮೇಸ್ತ್ರಿಯಾದರೆ ಮುಂಗಡ ಕೈಗೇ ಕೊಡುತ್ತಾನೆ.

ಬೇಸಿಗೆಯ ನಾಲ್ಕು ತಿಂಗಳು ತುಂಬುವ ಕೆಲಸ ಹೊಲದ ಸುತ್ತಲೇ ಇದೆ ಎಂಬುದು ನನ್ನ ನಂಬಿಕೆ. ನಮ್ಮ ತೊಗರಿ ಚೀಲದಲ್ಲಿ ಊರು ಬಿಡುತ್ತದೆ, ಬೇಳೆಯಾಗಿ ಪಾಕೀಟಿನಲ್ಲಿ ನಮ್ಮದೇ ಅಂಗಡಿಗೆ ಮರಳುತ್ತದೆ. ಹತ್ತಿಯ ದಾರಿಯೂ ಅದೇ. ಹೋಬಳಿಗೊಂದು ಬೇಳೆ ಮಿಲ್ಲು, ಎಣ್ಣೆ ಗಾಣ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಸಂಘ, ಕೃಷಿ ಹೊಂಡದ ನೀರಿನಲ್ಲಿ ಕಾಯಿಪಲ್ಲೆ, ಕುರಿ ಸಾಕಣೆಗೆ ಸಾಲ: ಯಾವುದೂ ಆಕಾಶದಿಂದ ಇಳಿಯಬೇಕಾದದ್ದಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ.

ಅಶೋಕನ ಬಂಡೆಯ ಮುಖ್ಯ ಮಾತು ಹೆಸರಲ್ಲ. ಶ್ರೇಷ್ಠವಾದದ್ದು ದೊಡ್ಡವರಿಗಷ್ಟೇ ದಕ್ಕುವುದೆಂದು ತಿಳಿಯಬೇಡಿ, ಸಣ್ಣವನಿಗೂ ಅದು ಸಾಧ್ಯ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ ಎನ್ನುತ್ತದೆ ಅದು. ಅಲಾಯಿ ಹಬ್ಬಕ್ಕೆ ಬಂದವರು ಅಜ್ಜಿಯ ಸೆರಗಿನಿಂದ ಕೀಲಿಕೈ ಬಿಚ್ಚಿಸಿಕೊಂಡು ಮನೆ ತೆರೆಯುತ್ತಾರೆ. ಹೊರಡುವಾಗ ಅದನ್ನು ಮತ್ತೆ ಅವಳ ಕೈಗೆ ಕೊಡಬೇಕಾಗದಂಥ ಒಂದು ವರ್ಷ ನಮ್ಮ ಸೀಮೆಗೆ ಬರಲಿ.